ತಾಯ್ತಂದೆಗಳ ವಿಷಯದಲ್ಲಿ ಸಾಕ್ಷಿ ಹೇಳಬಹುದೋ?

ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ನಾವೆಲ್ಲರೂ ಎಳೆಯ ಪ್ರಾಯದಲ್ಲಿಯೇ ಬಾಯಿಪಾಠ ಮಾಡಿಕೊಂಡಿದ್ದೇವೆ. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯೂ ಅದರ ಸಂಗಡವೇ ಉಂಟು. ಈ ಎರಡು ಒಂದಕ್ಕೊಂದು ಎದುರಾಗಿ ನಿಲ್ಲುವ ಸಮಯ ಬರಬಹುದೆಂದು ಸಾಮಾನ್ಯವಾಗಿ ಯಾರೂ ಯೋಚಿಸುವದಿಲ್ಲ. ಆದರೆ ಪ್ರಾಯಕ್ಕೆ ಬಂದ ಮಗನಾಗಲಿ ಮಗಳಾಗಲಿ ತನ್ನ ಬಾಲ್ಯದ ಕಥೆಯನ್ನು ಹೇಳಲಿಕ್ಕೆ ಬಾಯಿ ತೆರೆದ ಕೂಡಲೇ ಅವು ಎದುರಾಗುತ್ತವೆ. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಹೆತ್ತವರ ಮಾನಕ್ಕೆ ಕುಂದು. ಅವರ ಮಾನವನ್ನು ಕಾಯಹೋದರೆ ನಡೆದದ್ದನ್ನು ಮುಚ್ಚಬೇಕು. ಹೀಗಿರಲಾಗಿ ಅವನು ಮಾಡತಕ್ಕದ್ದೇನು?

ಹೇಳುವವನು ಮನಸ್ಸಿನ ರೋಗಗಳಿಗೆ ಚಿಕಿತ್ಸೆ ಮಾಡುವ ವೈದ್ಯನಾಗಿದ್ದರೆ ಪ್ರಶ್ನೆಯು ಇನ್ನೂ ಬಿಗಿಯಾಗುತ್ತದೆ. ಇಂಥ ವೈದ್ಯನ ಕೆಲಸವೆಲ್ಲವೂ ಕಿವಿಯ ಕೆಲಸ. ಪರರ ಮನೆಗಳ ಒಳಗಿನ ಸಂಗತಿಗಳನ್ನು ಅವನು ದಿನವೂ ಕೇಳುತ್ತಾನೆ, ಮತ್ತು ಕೇಳಿದ್ದನ್ನು ಹೊರಗೆ ಬಿಡುವದಿಲ್ಲ. ನಮ್ಮ ದೇಶದ 2017ನೆಯ ಇಸವಿಯ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಯ ಗುಟ್ಟನ್ನು ಕಾಯುವದನ್ನು ರೋಗಿಯ ಹಕ್ಕೆಂದೇ ಬರೆದಿಟ್ಟಿದೆ. ಆದರೆ ಆ ವೈದ್ಯನೇ ಮುಪ್ಪಿನಲ್ಲಿ ಕುಳಿತು ಆತ್ಮಕಥೆಯನ್ನು ಬರೆದರೆ, ಅವನ ಸ್ವಂತ ಮನೆಯವರ ಗುಟ್ಟನ್ನು ಕಾಯುವ ಕಾಯಿದೆ ಯಾವದು? ಅಪರಿಚಿತನ ತಾಯಿಯ ವಿಷಯವಾಗಿ ತುಟಿ ಬಿಚ್ಚದವನು ತನ್ನ ತಾಯಿಯ ವಿಷಯವನ್ನು ಸಾವಿರಾರು ವಾಚಕರ ಮುಂದೆ ಬಿಚ್ಚಬಹುದೋ? ಅವಳಾದರೋ ಮಣ್ಣಿನಲ್ಲಿ ಮಲಗಿದ್ದಾಳೆ, ಉತ್ತರ ಕೊಡಲಾರಳು.

ಇದು ದೊಡ್ಡ ಊರಿನವರ ಪ್ರಶ್ನೆ, ಬಾಗಲವಾಡದಂಥ ಹಳ್ಳಿಗೆ ಸಲ್ಲದ್ದು ಎಂದು ಯಾರೂ ಅನ್ನಬಾರದು. ಪುಸ್ತಕ ಬರೆಯದವರೂ ಕಥೆ ಹೇಳುತ್ತಾರೆ. ಕಟ್ಟೆಯ ಮೇಲೆ, ಹೊಲದ ಬದುವಿನಲ್ಲಿ, ಸಭೆಯ ಹಿರಿಯರ ಎದುರಿನಲ್ಲಿ, ಆಸ್ತಿಯ ಪಾಲಿಗಾಗಿ ಕುಳಿತ ದಿನ, ನಮ್ಮ ಅಪ್ಪ ನಮಗೆ ಹೀಗೆ ಮಾಡಿದ, ನಮ್ಮ ಅವ್ವ ನಮ್ಮನ್ನು ಬಿಟ್ಟು ಹೋದಳು ಎಂಬ ಮಾತು ಬಂದೇ ಬರುತ್ತದೆ. ಅಂಥ ಮಾತು ಬಂದಾಗ ಹಿರಿಯರು ಬಹುತರವಾಗಿ ಹೇಳುವದು ಒಂದೇ: ಹೆತ್ತವರನ್ನು ಆಡಬೇಡ, ಸುಮ್ಮನಿರು. ಅವನೂ ಸುಮ್ಮನಾಗುತ್ತಾನೆ. ಆದರೆ ಬಾಯಿ ಮುಚ್ಚಿದ್ದರಿಂದ ಮನಸ್ಸು ಮುಚ್ಚುವದಿಲ್ಲ. ಕೆಲವು ವರುಷಗಳ ಮೇಲೆ ಅದೇ ಮಾತು ಅವನ ಹೆಂಡತಿ ಮಕ್ಕಳ ಮೇಲೆ ಬೇರೊಂದು ರೂಪದಲ್ಲಿ ಬೀಳುವದನ್ನು ಯಾವ ಊರಿನಲ್ಲಿಯೂ ಕಾಣಬಹುದು.

ಕನ್ನಡದ ವಾಚಕರಿಗೆ ಇಂಥ ಬರವಣಿಗೆ ಹೊಸದಲ್ಲ. ಎಸ್. ಎಲ್. ಭೈರಪ್ಪನವರು 1970ರಲ್ಲಿ ‘ಗೃಹಭಂಗ’ವೆಂಬ ಕಾದಂಬರಿಯನ್ನು ಹೊರಡಿಸಿದರು, ಸಂಸಾರವನ್ನು ಒಬ್ಬಳೇ ಹೊತ್ತ ತಾಯಿ, ಯಾವದಕ್ಕೂ ಹೆಗಲು ಕೊಡದ ತಂದೆ, ಊರಿಗೆ ಬಂದ ಪ್ಲೇಗು, ಇವೆಲ್ಲ ಅದರಲ್ಲಿ ಉಂಟು. ಇಪ್ಪತ್ತಾರು ವರುಷಗಳ ತರುವಾಯ, 1996ರಲ್ಲಿ, ‘ಭಿತ್ತಿ’ ಎಂಬ ಆತ್ಮಕಥೆಯಲ್ಲಿ ಅವರು ತಮ್ಮ ಸ್ವಂತ ಬಾಲ್ಯದ ದುಃಖವನ್ನು ತಮ್ಮ ಹೆಸರಿನಲ್ಲಿಯೇ ಹೇಳಿದರು. ಮೊದಲು ಕಲ್ಪಿತ ಹೆಸರುಗಳ ಮರೆಯಲ್ಲಿ, ಬಹುಕಾಲದ ಮೇಲೆ ಬಯಲಿನಲ್ಲಿ. ಈ ಕ್ರಮವನ್ನು ನಾವು ಹೇಡಿತನವೆಂದು ಎಣಿಸುವದಿಲ್ಲ. ಹೆತ್ತವರ ವಿಷಯವಾದ ಮಾತು ಬಾಯಿಗೆ ಬರಲಿಕ್ಕೆ ಹಿಡಿಯುವ ಕಾಲ ಅಷ್ಟು.

ಮನೋವೈದ್ಯದ ಕಡೆಯಿಂದಲೂ ನಮ್ಮ ಭಾಷೆ ಬಡವಾಗಿಲ್ಲ. ‘ರಾಶಿ’ ಎಂದು ಪ್ರಸಿದ್ಧರಾದ ಡಾಕ್ಟರ್ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರರು ಸಾಮಾನ್ಯ ಜನರಿಗೆ ತಿಳಿಯುವ ಕನ್ನಡದಲ್ಲಿ ನೂರಾರು ಪುಸ್ತಕಗಳನ್ನು ಬರೆದು ತಾಯ್ತಂದೆಗಳಿಗೂ ಮಕ್ಕಳಿಗೂ ಬುದ್ಧಿ ಹೇಳಿದ್ದಾರೆ. ಆದರೂ ಮನೋವೈದ್ಯನೊಬ್ಬನು ತನ್ನ ಸ್ವಂತ ತಾಯ್ತಂದೆಗಳ ಕಥೆಯನ್ನು ಹೇಳಿದ ಪುಸ್ತಕಗಳಲ್ಲಿ ಲೋಕವೆಲ್ಲ ಓದಿದ್ದು ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ ಅವರದು. ನಮ್ಮ ಪ್ರಶ್ನೆಯನ್ನು ಅದರ ಮೇಲೆ ಒರೆಹಚ್ಚಿ ನೋಡುವದು ಒಳ್ಳೇದು. ಯಾಕಂದರೆ ಅದು ಪಾದ್ರಿಯೊಬ್ಬರ ಮನೆಯ ಕಥೆ; ಮತ್ತು ಆ ಮನೆ ಇದ್ದದ್ದು ಬಾಸೆಲ್ ಪಟ್ಟಣದ ಮಗ್ಗುಲಲ್ಲಿ. 1834ರಲ್ಲಿ ಮಂಗಳೂರಿಗೆ ಬಂದು ಇಳಿದ ಮಿಶನಿನ ದೆಸೆಯಿಂದ ಬಾಸೆಲ್ ಎಂಬ ಹೆಸರು ಕನ್ನಡ ನಾಡಿಗೆ ಬಹುಕಾಲದಿಂದ ಪರಿಚಿತವಾದದ್ದೇ.

ಯೂಂಗ್ ಹುಟ್ಟಿದ್ದು 1875ರಲ್ಲಿ. ತಂದೆ ಹಳ್ಳಿಯ ಸಭೆಗಳ ಪಾದ್ರಿ. ಪ್ರಾಯದಲ್ಲಿ ಪೂರ್ವದೇಶಗಳ ಭಾಷೆಗಳನ್ನು ಕಲಿತು ಪಂಡಿತನಾಗಬೇಕೆಂದಿದ್ದವನು, ಆಮೇಲೆ ಹಳ್ಳಿಯ ಕೆಲಸದಲ್ಲಿಯೇ ಆಯುಷ್ಯವನ್ನು ಕಳೆದವನು. ಮಗುವಿಗೆ ಮೂರು ವರುಷವಾದಾಗ ತಾಯಿ ಕೆಲವು ತಿಂಗಳು ಬಾಸೆಲಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಮಗುವಿನ ಮೈಮೇಲೆ ಇಸಬು ಎದ್ದಿತು. ಮನೆಯಲ್ಲಿ ಚಿಕ್ಕಮ್ಮನೋ ದೊಡ್ಡಮ್ಮನೋ ಒಬ್ಬರು, ಕೆಲಸದ ಹುಡುಗಿಯೊಬ್ಬಳು ನೋಡಿಕೊಂಡರು. ತಾಯಿ ತಿರಿಗಿ ಬಂದಳು, ಆದರೆ ಮಗುವಿನ ಒಳಗೆ ಏನೋ ಒಂದು ತಿರಿಗಿ ಬರಲಿಲ್ಲ. ಅಂದಿನಿಂದ ಪ್ರೀತಿ ಎಂಬ ಮಾತನ್ನು ಕೇಳಿದರೆ ತನಗೆ ನಂಬಿಕೆ ಹುಟ್ಟುತ್ತಿರಲಿಲ್ಲವೆಂದೂ, ಹೆಂಗಸೆಂದರೆ ನೆಚ್ಚಲಾಗದವಳು, ತಂದೆಯೆಂದರೆ ನೆಚ್ಚಬಹುದಾದವನು ಆದರೆ ಬಲವಿಲ್ಲದವನು ಎಂಬ ಭಾವನೆ ಬೇರೂರಿತೆಂದೂ ಎಂಭತ್ತು ದಾಟಿದ ಮುದುಕರಾದ ಮೇಲೆ ಅವರು ಬರೆಸಿದರು. ಪುಸ್ತಕ ಹೊರಬಿದ್ದದ್ದು ಅವರು ತೀರಿಕೊಂಡ ಮರುವರುಷ, 1962ರಲ್ಲಿ.

ಇದನ್ನು ಓದುವ ಹಿರಿಯರು ಸಿಟ್ಟಾಗುವದು ಸಹಜ. ರೋಗದಿಂದ ಆಸ್ಪತ್ರೆಗೆ ಹೋದ ತಾಯಿಯ ಮೇಲೆ ಇದೆಂಥ ದೂರು? ಅವಳೇನು ಬೇಕೆಂದು ಹೋದಳೋ? ಆದರೆ ವಾಚಕರು ಸ್ವಲ್ಪ ತಾಳಬೇಕು. ಅದೇ ಸ್ಥಳದಲ್ಲಿ ಯೂಂಗ್ ಇನ್ನೊಂದು ಮಾತನ್ನೂ ಸೇರಿಸಿದ್ದಾರೆ: ಆ ಎಳೆತನದ ಎಣಿಕೆಯನ್ನು ತಾನು ಮುಂದೆ ತಿದ್ದಿಕೊಳ್ಳಬೇಕಾಯಿತು, ನಂಬಿದ ಗಂಡಸರು ಕೈಕೊಟ್ಟದ್ದೂ ಉಂಟು, ನಂಬದೆ ಇದ್ದ ಹೆಂಗಸರು ಕೈಬಿಡದೆ ಇದ್ದದ್ದೂ ಉಂಟು, ಎಂದು. ನಮ್ಮ ಅಭಿಪ್ರಾಯದಲ್ಲಿ ಆ ಪುಸ್ತಕದ ನ್ಯಾಯವೆಲ್ಲ ಈ ಸಣ್ಣ ತಿದ್ದುಪಡಿಯಲ್ಲಿದೆ. ಮೂರು ವರುಷದ ಮಗುವಿಗೆ ಅನ್ನಿಸಿದ್ದೇನೆಂಬದಕ್ಕೆ ಅವರು ಸಾಕ್ಷಿ ಹೇಳಿದರು; ಅದನ್ನು ಮುಚ್ಚಲಿಲ್ಲ, ಕಡಿಮೆ ಮಾಡಲಿಲ್ಲ. ಆದರೆ ಮಗುವಿನ ಸಾಕ್ಷಿಯನ್ನು ತಾಯಿಯ ಮೇಲಣ ತೀರ್ಪಾಗಿ ಮಾಡಲಿಲ್ಲ. ಸಾಕ್ಷಿ ಬೇರೆ, ತೀರ್ಪು ಬೇರೆ. ಕಚೇರಿಯನ್ನು ಕಂಡವರೆಲ್ಲರಿಗೂ ಇದು ಗೊತ್ತು. ಸಾಕ್ಷಿಗಾರನು ಕಂಡದ್ದನ್ನು ಹೇಳಿ ಕೆಳಗಿಳಿಯುತ್ತಾನೆ. ನ್ಯಾಯಾಧೀಶನ ಕುರ್ಚಿಯಲ್ಲಿ ಕುಳಿತುಕೊಳ್ಳುವದಿಲ್ಲ.

ತಂದೆಯ ವಿಷಯದಲ್ಲಿ ಹೇಳಿದ್ದು ಇನ್ನೂ ಕಠಿಣ. ದೃಢೀಕರಣದ ಪಾಠವನ್ನು ತಂದೆಯೇ ಕಲಿಸುತ್ತಿದ್ದನು. ತ್ರಯೈಕ್ಯದ ಪಾಠ ಯಾವಾಗ ಬರುತ್ತದೋ ಎಂದು ಹುಡುಗನು ಆಶೆಯಿಂದ ಕಾದಿದ್ದನು. ಆ ಸ್ಥಳಕ್ಕೆ ಬಂದಾಗ ತಂದೆಯು, ಇದನ್ನು ಬಿಟ್ಟುಬಿಡೋಣ, ನನಗೇ ಇದು ತಿಳಿಯದು ಎಂದನಂತೆ. ಪಾದ್ರಿಯಾದವನ ಬಾಯಿಂದ ಬಂದ ಈ ಮಾತನ್ನು ಊರಿಗೆಲ್ಲ ಸಾರಬೇಕಿತ್ತೋ ಎಂದು ನಮ್ಮ ಸಭೆಗಳಲ್ಲಿ ಕೇಳುವವರುಂಟು. ನಾವು ಆ ಭಾಗವನ್ನು ಓದಿ ತಂದೆಯ ಮೇಲೆ ಗೌರವವನ್ನೇ ತಾಳಿದೆವು. ಮಗನೂ ಆ ಪ್ರಾಮಾಣಿಕತೆಯನ್ನು ಮೆಚ್ಚಿದ್ದಾನೆ, ಆಶಾಭಂಗವನ್ನೂ ಮರೆಮಾಚಿಲ್ಲ. ಮಾನವೆಂಬದು ನಾವು ಮುಚ್ಚಿಟ್ಟದ್ದರಿಂದ ಉಳಿಯುವದೆಂದೂ ಹೇಳಿದ್ದರಿಂದ ಹೋಗುವದೆಂದೂ ಎಣಿಸುವದು ಅಷ್ಟು ಸರಿಯಾದ ಲೆಕ್ಕವಲ್ಲವೆಂಬದು ಇದರಿಂದ ತೋರುತ್ತದೆ.

ಇನ್ನೊಂದು ಸಂಗತಿಯನ್ನು ವಿಸ್ತಾರವಾಗಿ ಹೇಳಲೇಬೇಕು. 1887ರಲ್ಲಿ, ಹುಡುಗನಿಗೆ ಹನ್ನೆರಡು ವರುಷ. ಬಾಸೆಲಿನ ದೊಡ್ಡ ದೇವಾಲಯದ ಎದುರಿನ ಬಯಲಿನಲ್ಲಿ ಮತ್ತೊಬ್ಬ ಹುಡುಗನು ದೂಡಿದ್ದರಿಂದ ಬಿದ್ದು, ತಲೆಯು ರಸ್ತೆಯ ಅಂಚಿನ ಕಲ್ಲಿಗೆ ತಗಲಿತು. ಬೀಳುವಾಗಲೇ, ಇನ್ನು ಶಾಲೆಗೆ ಹೋಗಬೇಕಾದದ್ದಿಲ್ಲ ಎಂಬ ಎಣಿಕೆ ಮನಸ್ಸಿನಲ್ಲಿ ಮಿಂಚಿತು. ಅಂದಿನಿಂದ ಶಾಲೆಯ ಮಾತೆತ್ತಿದರೆ ಸಾಕು, ಎಚ್ಚರ ತಪ್ಪುವದು. ಅರ್ಧ ವರುಷಕ್ಕಿಂತ ಹೆಚ್ಚು ಕಾಲ ಮನೆಯಲ್ಲಿಯೇ ಉಳಿದನು, ವೈದ್ಯರು ಬಂದರು, ಹೋದರು, ಒಬ್ಬನು ಮೂರ್ಛೆರೋಗವೆಂದನು. ಹುಡುಗನಿಗೋ ಕಾಡು, ನೀರು, ಪುಸ್ತಕ, ಚಿತ್ರ ಬರೆಯುವದು, ಸುಖವೇ ಸುಖ. ಹೀಗಿರುವಾಗ ತಂದೆಯ ಗೆಳೆಯನೊಬ್ಬನು ಬಂದು ತೋಟದಲ್ಲಿ ಕುಳಿತು, ಮಗ ಹೇಗಿದ್ದಾನೆಂದು ಕೇಳಿದನು. ಹುಡುಗನು ಪೊದೆಯ ಹಿಂದೆ ಅಡಗಿದ್ದನು. ತನ್ನಲ್ಲಿದ್ದ ಅಷ್ಟಿಷ್ಟು ಹಣವೂ ಕರಗಿತು, ಈ ಹುಡುಗನು ತನ್ನ ಹೊಟ್ಟೆಯನ್ನು ತಾನು ಹೊರೆದುಕೊಳ್ಳಲಾರದೆ ಹೋದರೆ ಗತಿಯೇನು ಎಂದು ತಂದೆಯು ಹೇಳಿದ್ದು ಅವನ ಕಿವಿಗೆ ಬಿದ್ದಿತು. ಸಿಡಿಲು ಹೊಡೆದಂತಾಯಿತು. ಆ ಕ್ಷಣವೇ ಎದ್ದು ತಂದೆಯ ಕೋಣೆಗೆ ಹೋಗಿ ಲತೀನು ವ್ಯಾಕರಣವನ್ನು ತೆಗೆದನು. ಮೂರು ಸಾರಿ ಎಚ್ಚರ ತಪ್ಪುವಂತಾಯಿತು. ಮೂರು ಸಾರಿಯೂ ಬಿಡದೆ ಓದಿದನು. ಕೆಲವು ವಾರಗಳಲ್ಲಿ ತಿರಿಗಿ ಶಾಲೆಗೆ ಹೋದನು.

ಇದರಲ್ಲಿ ತಂದೆಯು ಮಗನನ್ನು ಕರೆದು ಪ್ರೀತಿಯ ಮಾತನ್ನು ಆಡಿಲ್ಲ. ಬುದ್ಧಿಯನ್ನೂ ಹೇಳಿಲ್ಲ. ಹಣ ಕರಗಿತು, ಇವನ ಗತಿಯೇನು, ಅಷ್ಟೇ. ನಮ್ಮ ಸೀಮೆಯ ತಂದೆಗಳನ್ನು ಬಲ್ಲವರಿಗೆ ಈ ಭಾಷೆ ಚೆನ್ನಾಗಿ ತಿಳಿಯುತ್ತದೆ. ಮಗನನ್ನು ಎತ್ತಿ ಮುದ್ದಾಡದ ಅಪ್ಪ, ಸಾಲಗಾರನ ಮುಂದೆ ಕುಳಿತಾಗ ಮಗನ ಹೆಸರನ್ನೇ ಹಿಡಿದು ಬೇಡಿಕೊಳ್ಳುತ್ತಾನೆ. ಬೀಜ ಗೊಬ್ಬರಗಳ ಲೆಕ್ಕ ಹಾಕುವಾಗ ಶಾಲೆಯ ಖರ್ಚನ್ನು ಮೊದಲು ತೆಗೆದಿಡುತ್ತಾನೆ. ಮಗನಿಗೆ ಅದು ಕೇಳಿಸುವದಿಲ್ಲ, ಅವನು ಪೊದೆಯ ಹಿಂದೆ ಇರುವದಿಲ್ಲವಲ್ಲ! ಅವನಿಗೆ ನೆನಪಿರುವದು ಬಾರುಕೋಲು ಮಾತ್ರ. ಅವನು ದೊಡ್ಡವನಾದ ಮೇಲೆ ಬಾರುಕೋಲಿನ ಕಥೆಯನ್ನು ಹೇಳಿದರೆ ಅದು ಸುಳ್ಳಲ್ಲ. ಆದರೆ ಅದು ಸಂಗತಿಯ ಅರ್ಧಭಾಗ, ಮತ್ತು ಉಳಿದ ಅರ್ಧವನ್ನು ವಿಚಾರಿಸದೆ ಹೇಳುವವನು ಸತ್ಯವನ್ನು ಹೇಳಿದೆನೆಂದು ಹೆಮ್ಮೆಪಡತಕ್ಕದ್ದಲ್ಲ.

ಈಗ ಬಾಗಲವಾಡದ ಕಡೆಗೆ ತಿರುಗೋಣ. ಹಳಬರು ಎಡೆದೊರೆ ನಾಡೆಂದು ಕರೆದ ಈ ಸೀಮೆಯು ಕೃಷ್ಣೆ ತುಂಗಭದ್ರೆಗಳ ನಡುವೆ ಇದ್ದೂ ಬಾಯಾರಿದ ಸೀಮೆ. 1953ರಲ್ಲಿ ತುಂಗಭದ್ರೆಗೆ ಕಟ್ಟೆಯಾದ ಮೇಲೆ ಎಡದಂಡೆಯ ಕಾಲುವೆ ಬಂದಿತು, ನೆಲ್ಲು ಬೆಳೆಯಿತು. ಆದರೆ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟುವದೆಂಬದು ವರುಷ ವರುಷದ ಜಗಳ, ಕಾಲುವೆಯೇ ಇಲ್ಲದ ಹೊಲಗಳಿಗೆ ಮಳೆಯೇ ಗತಿ. ಮಾನ್ವಿ, ದೇವದುರ್ಗಗಳ ಕಡೆಯಿಂದ ಕೂಲಿಯ ಜನರು ಬೆಂಗಳೂರಿಗೆ ಗುಳೆ ಹೋಗುವದು ಇಂದಿಗೂ ನಡೆದೇ ಇದೆ. ಗಂಡಹೆಂಡಿರು ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಹಾಲು ಕುಡಿಯುವ ಕೂಸನ್ನು ಕಂಕುಳಲ್ಲಿ ಒಯ್ಯುತ್ತಾರೆ. ಅದಕ್ಕಿಂತ ದೊಡ್ಡದನ್ನು ಅಜ್ಜಿಯ ಹತ್ತಿರ, ಮುತ್ಯಾನ ಹತ್ತಿರ ಬಿಡುತ್ತಾರೆ. ಮೂರು ವರುಷದ್ದು, ಐದು ವರುಷದ್ದು.

ಬಿಟ್ಟು ಹೋಗುವ ರೀತಿಯನ್ನು ನೋಡಿರಿ. ಮಗು ಅತ್ತರೆ ಕಾಲು ಏಳುವದಿಲ್ಲವೆಂದು ಎಷ್ಟೋ ಮನೆಗಳಲ್ಲಿ ಅದು ನಿದ್ದೆಹೋದ ಮೇಲೆ ಗಂಟು ಹೊತ್ತು ಬಸ್ಸು ಹತ್ತುತ್ತಾರೆ. ಇಲ್ಲವೆ, ಸಂತೆಗೆ ಹೋಗಿ ಬರುತ್ತೇವೆ ಅನ್ನುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಇದರಲ್ಲಿ ಸಂದೇಹವಿಲ್ಲ. ಆದರೆ ಬೆಳಿಗ್ಗೆ ಎದ್ದ ಮಗುವಿಗೆ ಆಗುವದೇನು? ತಾಯಿ ಇಲ್ಲ, ತಾಯಿ ಹೇಳಿದ ಮಾತೂ ನಿಜವಲ್ಲ. ಬಾಸೆಲಿನ ಪಾದ್ರಿಯ ಮನೆಯ ಮಗುವಿಗೆ ಆದದ್ದು ಇಲ್ಲಿಯೂ ಆಗುತ್ತದೆ. ಇದಕ್ಕೆ ಮನೆತನದ ಅಂತರವಾಗಲಿ ದೇಶದ ಅಂತರವಾಗಲಿ ಇಲ್ಲ. ತಾಯಿ ಹೊಟ್ಟೆಗಾಗಿ ಹೋದಳೆಂಬದೂ ನಿಜ. ಮಗುವಿಗೆ ತಾನು ಬೇಡವಾದೆನೆಂದು ಅನ್ನಿಸಿದ್ದೂ ನಿಜ. ಇಪ್ಪತ್ತು ವರುಷಗಳ ಮೇಲೆ ಆ ಮಗನು ತಾಯಿಯ ಎದುರಿಗೆ ನಿಂತು, ನೀನು ನನ್ನನ್ನು ಬಿಟ್ಟುಹೋದಿ ಎಂದರೆ, ಅವಳು, ಯಾರಿಗಾಗಿ ಹೋದೆನೋ ಎಂದು ಎದೆ ಬಡಿದುಕೊಂಡರೆ, ಅವರಿಬ್ಬರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ.

ಜಾನ್ ಬೌಲ್ಬಿ ಎಂಬ ಇಂಗ್ಲಿಷ್ ಮನೋವೈದ್ಯರ ಸಂಗತಿ ಇಲ್ಲಿ ನೆನಪಿಗೆ ಬರುತ್ತದೆ. ಅವರು ಸಿರಿವಂತರ ಮನೆಯಲ್ಲಿ 1907ರಲ್ಲಿ ಹುಟ್ಟಿದವರು. ಆ ಕಾಲದ ಆ ವರ್ಗದ ಪದ್ಧತಿಯ ಮೇರೆಗೆ ತಾಯಿಯ ಮುಖವನ್ನು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಕಂಡು, ಸಾಕುವ ದಾದಿಯ ಕೈಯಲ್ಲಿ ಬೆಳೆದರು. ಸುಮಾರು ನಾಲ್ಕು ವರುಷದವರಾಗಿದ್ದಾಗ ಆ ದಾದಿಯೂ ಬಿಟ್ಟುಹೋದಳು. ಇವರು ಆತ್ಮಕಥೆಯನ್ನು ಬರೆಯಲಿಲ್ಲ. ಅದಕ್ಕೆ ಬದಲಾಗಿ, ತಾಯಿಯಿಂದ ಅಗಲಿದ ಮಕ್ಕಳಿಗೆ ಏನಾಗುತ್ತದೆಂದು ಲೋಕಕ್ಕೆ ತೋರಿಸುವದರಲ್ಲಿ ಆಯುಷ್ಯವನ್ನು ಕಳೆದರು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಅವರ ವರದಿ ಪ್ರಸಿದ್ಧವಾದದ್ದು. ಅವರ ಜತೆಗಾರ ಜೇಮ್ಸ್ ರಾಬರ್ಟ್‌ಸನ್ನರು 1952ರಲ್ಲಿ, ಆಸ್ಪತ್ರೆಗೆ ಹೋದ ಎರಡು ವರುಷದ ಹುಡುಗಿಯೊಬ್ಬಳ ಚಲಚ್ಚಿತ್ರವನ್ನು ತೋರಿಸಿದಾಗ ವೈದ್ಯರೇ ಸಿಟ್ಟಾದರು. ಆದರೂ 1959ರ ಹೊತ್ತಿಗೆ ಇಂಗ್ಲೆಂಡಿನ ಸರಕಾರದ ಸಮಿತಿಯು ತಾಯ್ತಂದೆಗಳು ಆಸ್ಪತ್ರೆಯಲ್ಲಿರುವ ಮಕ್ಕಳನ್ನು ತಡೆಯಿಲ್ಲದೆ ಕಾಣಬೇಕೆಂದು ಸಲಹೆ ಮಾಡಿತು. ತನ್ನ ತಾಯಿಯ ಮೇಲೆ ಒಂದು ಪುಸ್ತಕವನ್ನೂ ಬರೆಯದೆ ಪರರ ತಾಯಂದಿರನ್ನು ಮಕ್ಕಳ ಮಂಚದ ಬಳಿಗೆ ಬಿಡಿಸಿದ ಮನುಷ್ಯನನ್ನು ಕುರಿತು ನಮಗೆ ವಿಶೇಷ ಮರ್ಯಾದೆ ಉಂಟು. ಎಲ್ಲರೂ ಹಾಗೆ ಮಾಡಲಾರರು. ಕೆಲವರಿಗೆ ಹೇಳಿದ ಹೊರತು ಭಾರ ಇಳಿಯುವದಿಲ್ಲ.

ನಮ್ಮ ದೇಶದ ಮನೋವೈದ್ಯರು ಈ ವಿಷಯದಲ್ಲಿ ಒಂದು ಒಳ್ಳೇ ದಾರಿಯನ್ನು ಬೇಗನೇ ಕಂಡುಕೊಂಡರು. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು ರೋಗಿಯ ಮನೆಯವರನ್ನು ಕರೆಸಿ, ಆವರಣದಲ್ಲಿ ಡೇರೆಗಳನ್ನು ಹೊಡಿಸಿ ರೋಗಿಯ ಸಂಗಡವೇ ಇರಿಸಿದರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ 1957ರಿಂದ ಮನೆಯವರು ಜತೆಯಲ್ಲಿ ಉಳಿಯುವದೇ ಪದ್ಧತಿಯಾಯಿತು. 1974ರಲ್ಲಿ ಸ್ಥಾಪಿತವಾದ ನಿಮ್ಹಾನ್ಸಿನಲ್ಲಿಯೂ ಕುಟುಂಬದವರನ್ನು ಕೂಡಿಸಿ ಚಿಕಿತ್ಸೆ ಮಾಡುವ ವಿಭಾಗ ಬೆಳೆಯಿತು. ಅಲ್ಲಿ ಮಗನು ತಾಯಿಯ ಮೇಲೆ ಹೇಳಿದರೆ ತಾಯಿ ಅಲ್ಲಿಯೇ ಕುಳಿತಿರುತ್ತಾಳೆ. ಅವಳು ಅಳಬಹುದು, ಅಲ್ಲಗಳೆಯಬಹುದು, ನಾನು ಆಗ ಹದಿನೇಳು ವರುಷದವಳು ಎಂದು ಹೇಳಬಹುದು. ಆ ಒಂದು ಮಾತಿನಿಂದ ಮಗನಿಗೆ, ತನ್ನ ತಾಯಿಯೂ ಒಂದು ಕಾಲಕ್ಕೆ ಯಾರದೋ ಮನೆಗೆ ಒಪ್ಪಿಸಲ್ಪಟ್ಟ ಹುಡುಗಿಯಾಗಿದ್ದಳೆಂದು ಮೊದಲ ಸಾರಿ ತಿಳಿಯಬಹುದು. ಪುಸ್ತಕದಲ್ಲಿಯೋ ಕುರ್ಚಿ ಒಂದೇ.

ಆದದರಿಂದ ಬರೆಯುವವನು ಎರಡನೆಯ ಕುರ್ಚಿಯನ್ನು ತಾನೇ ತಂದು ಹಾಕಬೇಕೆಂದು ನಾವು ಕೇಳುತ್ತೇವೆ. ಬದುಕಿದ್ದರೆ ಹೋಗಿ ಕೇಳಬೇಕು. ತೀರಿಕೊಂಡಿದ್ದರೆ ಅವರ ಒಡಹುಟ್ಟಿದವರನ್ನಾದರೂ ವಿಚಾರಿಸಬೇಕು. ಯಾವ ಬರಗಾಲ, ಯಾವ ಸಾಲ, ಎಷ್ಟು ಹೆರಿಗೆ, ಯಾರು ಸತ್ತಿದ್ದರು, ಅವರನ್ನು ಹೊಡೆದು ಬೆಳೆಸಿದವರು ಯಾರು, ಇವನ್ನು ತಿಳಿದುಕೊಂಡ ಮೇಲೆ ಬೇಕಾದ್ದನ್ನು ಬರೆಯಲಿ. ಯೂಂಗ್ ಕೂಡ ಇದರಲ್ಲಿ ಪೂರ್ಣರಲ್ಲ. ತೀರಿಹೋದ ತಂದೆತಾಯಿಗಳ ವಿಷಯವಾಗಿ ಇಷ್ಟು ಬಿಚ್ಚಿ ಹೇಳಿದ ಆ ಪುಸ್ತಕದಲ್ಲಿ ಹೆಂಡತಿ ಮಕ್ಕಳ ಮಾತು ಇಲ್ಲವೆಂಬಷ್ಟು ಕಡಿಮೆ. ಪ್ರಕಟಣೆಗೆ ಮುಂಚೆ ಮನೆಯವರು ಕೆಲವು ಭಾಗಗಳನ್ನು ತೆಗೆಯಿಸಿದ್ದೂ ಉಂಟು. ಸತ್ತವರ ಮಾತನ್ನು ಆಡುವದು ಸುಲಭ, ಬದುಕಿದ್ದವರು ಅಡ್ಡಬರುತ್ತಾರೆ!

ಈಚೆಗೆ ಇದಕ್ಕೆ ವಿರುದ್ಧವಾದ ಇನ್ನೊಂದು ಚಾಳಿಯೂ ಪಟ್ಟಣದ ಓದಿದವರಲ್ಲಿ ಕಾಣುತ್ತದೆ. ತನ್ನ ಸಿಟ್ಟು, ತನ್ನ ಸೋಮಾರಿತನ, ತನ್ನ ದಾಂಪತ್ಯದ ಜಗಳ, ಎಲ್ಲಕ್ಕೂ ಬಾಲ್ಯವೇ ಕಾರಣವೆಂದು ಹೆತ್ತವರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವದು. ಇದು ಮನೋವೈದ್ಯದ ಹೆಸರನ್ನು ಹಿಡಿದು ಬಂದರೂ ಮನೋವೈದ್ಯವಲ್ಲ. ಪೊದೆಯ ಹಿಂದೆ ಅಡಗಿದ್ದ ಹುಡುಗನು ಎದ್ದು ವ್ಯಾಕರಣವನ್ನು ತೆಗೆದದ್ದು ತಂದೆಯ ತಪ್ಪನ್ನು ಕಂಡುಹಿಡಿದದ್ದರಿಂದಲ್ಲ.

ಹೀಗೆ ಹೇಳಿದರೂ, ಹೊಡೆತದಿಂದ ಕೈಮುರಿದ ಮಗು, ಮನೆಯವರಿಂದಲೇ ಹೇಳಬಾರದ ಕೆಡಕನ್ನು ಅನುಭವಿಸಿದ ಹುಡುಗಿ, ಇಂಥವರಿಗೆ ಎರಡನೆಯ ಕುರ್ಚಿಯ ಮಾತನ್ನು ಮೊದಲು ಹೇಳತಕ್ಕದ್ದಲ್ಲ. ಅವರ ಸಾಕ್ಷಿಯನ್ನು ಅಡ್ಡಿಯಿಲ್ಲದೆ ಕೇಳಬೇಕು, ರಕ್ಷಣೆಯನ್ನು ಮೊದಲು ಕೊಡಬೇಕು. ಆಪತ್ತಿನಲ್ಲಿರುವ ಮಕ್ಕಳಿಗಾಗಿ 1098 ಎಂಬ ದೂರವಾಣಿ ಉಂಟು. ಮನಸ್ಸಿನ ಸಂಕಟಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಬೀಳುವದಿಲ್ಲ. ಮಾನದ ಹೆಸರಿನಲ್ಲಿ ಇಂಥ ಸಂಗತಿಗಳನ್ನು ಮುಚ್ಚಿಸುವ ಹಿರಿಯರು ಯಾರ ಮಾನವನ್ನು ಕಾಯುತ್ತಿದ್ದೇವೆಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ.

ಉಳಿದ ಸಾಮಾನ್ಯ ಮನೆಗಳಲ್ಲಿ ಮಾಡಬಹುದಾದದ್ದು ಅಷ್ಟು ಕಷ್ಟದ್ದಲ್ಲ. ಗುಳೆ ಹೋಗುವವರು ಮಗುವನ್ನು ಎಬ್ಬಿಸಿ, ಬೆಂಗಳೂರಿಗೆ ಹೋಗುತ್ತೇವೆ, ಇಂಥ ಹಬ್ಬಕ್ಕೆ ಬರುತ್ತೇವೆ ಎಂದು ಹೇಳಿ ಹೋಗಬಹುದು. ಅದು ಅಳುತ್ತದೆ, ಅಳಲಿ. ಈಗ ಮನೆಮನೆಗೆ ಮೊಬೈಲು ಉಂಟಾದದರಿಂದ ರಾತ್ರಿ ಧ್ವನಿಯನ್ನಾದರೂ ಕೇಳಿಸಬಹುದು. ಅಜ್ಜಿಯು, ನಿನ್ನವ್ವ ನಿನ್ನನ್ನು ಬಿಟ್ಟುಹೋದಳು ನೋಡು ಎಂದು ಹಟಮಾಡುವ ಮಗುವನ್ನು ಹೆದರಿಸದೆ ಇರಬಹುದು. ದೊಡ್ಡವನಾದ ಮಗನು ಒಂದು ದಿನ ಆ ಮಾತನ್ನು ಎತ್ತಿದರೆ, ಆಗ ನಿನಗೆ ಹಾಗನ್ನಿಸಿತೋ ಎಂದು ತಾಯಿ ಕೇಳಬಹುದು. ಉತ್ತರ ಬರುವ ತನಕ ಕಾಯಬಹುದು.

ಯೂಂಗ್ ಅವರ ತಾಯಿ ಬಾಸೆಲಿನ ಆಸ್ಪತ್ರೆಯ ಆ ತಿಂಗಳುಗಳ ವಿಷಯವಾಗಿ ಪುಸ್ತಕವನ್ನು ಬರೆಯಲಿಲ್ಲ. ಮೂರು ವರುಷದ ಮಗನನ್ನು ಮನೆಯಲ್ಲಿ ಬಿಟ್ಟು ಮಲಗಿದ್ದ ಅವಳಿಗೆ ರಾತ್ರಿಗಳು ಹೇಗೆ ಕಳೆದವೆಂಬದು ಮಗನ ಪುಸ್ತಕದಲ್ಲಿ ಇಲ್ಲ. ಬಾಗಲವಾಡದ ಕಡೆಯಿಂದ ರಾತ್ರಿಯ ಬಸ್ಸಿನಲ್ಲಿ ಕಂಕುಳ ಕೂಸಿನ ಸಂಗಡ ಕುಳಿತು, ಮನೆಯಲ್ಲಿ ನಿದ್ದೆಹೋಗಿರುವ ಇನ್ನೊಂದು ಮಗುವನ್ನು ನೆನಸುತ್ತಾ ಹೋಗುವ ಹೆಂಗಸಿಗೆ ಬರೆಯಲಿಕ್ಕೂ ಬರುವದಿಲ್ಲ. ಆದರೆ ಕೇಳಿದರೆ ಹೇಳುತ್ತಾಳೆ.